ಜಟ್ಟಪ್ಪನವರ ಏರಿನಲ್ಲಿ ನಿಂತುಹೋದ ಸಣ್ಣ ಎಂಜಿನ್ ಸಾಹೇಬರಿಗೆ

ಮಾನ್ಯರೇ,

ಕ್ಲಚ್ ಸುಟ್ಟಿದ್ದು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಮಸ್ಕಾರ ಗಿಮಸ್ಕಾರ ಆಮೇಲೆ ಆಗಲಿ. ತಾವು ಬಾಯಿಬಿಟ್ಟು ನನ್ನ ಮೇಲೆ ದೂರು ಹೇಳಿಲ್ಲ, ಒಪ್ಪುತ್ತೇನೆ. ಆದರೆ ಹೋದ ವಾರ ಬಸರೀಕಟ್ಟೆಯ ಜಟ್ಟಪ್ಪನವರ ಮನೆ ಏರಿನ ನಡುವೆ ತಾವು ಒಂದು ಸಲ ಕೆಮ್ಮಿ, ಒಂದು ಸಲ ನಡುಗಿ, ಅಡಿಯಿಂದ ಸುಟ್ಟ ವಾಸನೆ ಬಿಟ್ಟು ತೆಪ್ಪಗೆ ನಿಂತುಕೊಂಡಾಗ ಅಲ್ಲಿದ್ದವರೆಲ್ಲ ತಿರುಗಿ ನೋಡಿದ್ದು ತಮ್ಮನ್ನಲ್ಲ, ನನ್ನನ್ನು. "ಹುಡುಗಂಗೆ ಓಡ್ಸಕ್ಕೆ ಬರದಿಲ್ಲ" ಎಂದು ಆವತ್ತು ಹುಟ್ಟಿದ ಮಾತು ತಮಗಿಂತ ಬೇಗ ಗುಡ್ಡ ಹತ್ತಿ, ಕೊಪ್ಪ ದಾಟಿ, ನಾನು ಮನೆಗೆ ಬರುವ ಮೊದಲೇ ಮುತ್ತಿನಕೊಪ್ಪಕ್ಕೆ ಬಂದು ನಮ್ಮ ಜಗಲಿಯಲ್ಲಿ ಕೂತಿತ್ತು. ಆ ಮಾತಿಗೆ ಯಾವ ಎಂಜಿನ್ ಹಾಕಿದ್ದಾರೋ, ಅದನ್ನು ತಮಗೂ ಹಾಕಿಸಬಹುದಿತ್ತು.

ಈಗ ನಮಸ್ಕಾರ. ತಮಗೂ, ತಮ್ಮ ಸಿಲಿಂಡರುಗಳಿಗೂ, ಹಬ್ಬ ಹುಣ್ಣಿಮೆ ಎನ್ನದೆ ವರ್ಷವಿಡೀ ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿರುವ ಆ ಹಳದಿ ದೀಪಕ್ಕೂ ನನ್ನ ಸಾಷ್ಟಾಂಗ. ನಾನು ಸೋಮನಾಥ, ತಮ್ಮ ಡ್ರೈವರ್, ತಮ್ಮ ಮಾಲೀಕರಾದ ಕಲ್ಲೇಶಪ್ಪನವರ ತಮ್ಮನ ಮಗ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಾದ್ದರಿಂದ ನನಗೆ ಗೊತ್ತಿರುವುದು ರಜಾ ಅರ್ಜಿ ಒಂದೇ; ಹಾಗಾಗಿ ಇದರಲ್ಲಿ ಎಲ್ಲಾದರೂ "ನನಗೆ ಜ್ವರ ಬಂದಿರುವುದರಿಂದ" ಎಂದು ನುಸುಳಿದ್ದರೆ ದಯವಿಟ್ಟು ಹೊಡೆದುಹಾಕಿಕೊಳ್ಳಿ. ಪತ್ರವನ್ನು ತಮ್ಮ ಸೀಟಿನಲ್ಲೇ ಕೂತು, ಸ್ಟೇರಿಂಗಿಗೆ ಮೊಬೈಲ್ ಒರಗಿಸಿಕೊಂಡು ಬರೆಯುತ್ತಿದ್ದೇನೆ. ಬರೆದದ್ದನ್ನು ನಮ್ಮ ಪಿಕಪ್ ಡ್ರೈವರುಗಳ ವಾಟ್ಸಾಪ್ ಗ್ರೂಪಿಗೂ ಹಾಕುತ್ತೇನೆ, ಯಾಕೆಂದರೆ ತಮ್ಮಂಥವರ ಕೆಳಗೆ ದುಡಿಯುವವನು ನಾನೊಬ್ಬನೇ ಅಲ್ಲ.

ತಮ್ಮಿಂದ ಉಪಕಾರವೇ ಆಗಿಲ್ಲ ಎಂದರೆ ನನ್ನ ನಾಲಿಗೆ ಸೇದಿಹೋಗುತ್ತದೆ. ತಾವು ಡೀಸೆಲ್ ಕುಡಿಯುವುದಿಲ್ಲ, ಮೂಸಿ ನೋಡುತ್ತೀರಿ. ತಮ್ಮನ್ನು ತೆಗೆದುಕೊಳ್ಳುವ ಮೊದಲು ಎನ್.ಆರ್. ಪುರದ ಸಮತಟ್ಟು ರಸ್ತೆಯಲ್ಲಿ, ಹಿಂದೆ ಒಂದು ಹುಲ್ಲುಕಡ್ಡಿಯೂ ಇಲ್ಲದಾಗ, ದೊಡ್ಡಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವು ಓಡಿದ ಓಟವನ್ನು ನೋಡಿದವರು ಇವತ್ತಿಗೂ ಮರೆತಿಲ್ಲ. ದೊಡ್ಡಪ್ಪ ಇಳಿದು, "ದೊಡ್ ಎಂಜಿನ್ ಎಂತಕ್ ಮಾರಾಯ, ಇದೇ ಹಾರ್ತದೆ" ಎಂದರು. ಹಾರುವುದೇನೋ ನಿಜ. ಆದರೆ ನಮ್ಮ ಕೆಲಸ ಹಾರುವುದಲ್ಲ, ಹತ್ತುವುದು. ಅಡಿಕೆ ಸುಲಿಯುವ ಮಷಿನ್ನನ್ನು ಬೆನ್ನ ಮೇಲೆ ಕೂರಿಸಿಕೊಂಡು ಸುಗ್ಗಿಯುದ್ದಕ್ಕೂ ಮನೆಮನೆಗೆ ಹೋಗಿ, ಅವರ ಅಂಗಳದಲ್ಲಿ ಅವರ ಅಡಿಕೆ ಸುಲಿದುಕೊಟ್ಟು ಬರುವುದು. ನಮ್ಮ ಕಡೆ ತೋಟ ಇರುವುದು ತಗ್ಗಿನಲ್ಲಿ, ಮನೆ ತೋಟದ ತಲೆಯ ಮೇಲೆ, ರಸ್ತೆ ಮನೆಯ ತಲೆಯ ಮೇಲೆ. ಹೋಗುವಾಗ ತಾವು ರಾಜಕುಮಾರ. ಬರುವಾಗ ಮಾತ್ರ ತಮಗೆ ಉಬ್ಬಸ.

ಇಷ್ಟಾದರೂ ಮಷಿನ್ ಒಂದನ್ನೇ ಹೊತ್ತಿದ್ದರೆ ತಾವು ಹೇಗೋ ಏದುಸಿರು ಬಿಟ್ಟುಕೊಂಡು ಹತ್ತುತ್ತಿದ್ದಿರಿ, ಅದನ್ನು ನಾನೇ ಸಾಕ್ಷಿ ನಿಂತು ಹೇಳುತ್ತೇನೆ. ತಮ್ಮನ್ನು ತಯಾರು ಮಾಡಿದ ಕಂಪನಿಯವರು ಯಾವ ಊರಿನವರೋ ಏನೋ, ಹೊರಬಹುದಾದ ಭಾರ ಇಷ್ಟು ಎಂದು ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದಾರೆ. ಪಾಪ, ಅವರಿಗೆ ನಮ್ಮ ಕಡೆಯ "ಖಾಲಿ" ಗೊತ್ತಿಲ್ಲ. ಕೊಪ್ಪದಿಂದ ಶೃಂಗೇರಿಯವರೆಗೆ ಯಾವ ಅಂಗಳದಲ್ಲಿ ಬೇಕಾದರೂ ಕೇಳಿ ನೋಡಿ, ಕೆಲಸ ಮುಗಿಸಿ ವಾಪಸ್ ಹೊರಟ ಗಾಡಿ ಎಂದರೆ ಅದು ಖಾಲಿ ಗಾಡಿ. ಹಿಂದೆ ಮಷಿನ್ ಕೂತಿದ್ದರೂ ಖಾಲಿಯೇ. ಮಷಿನ್ ನಮ್ಮದು, ಅದರ ಪಕ್ಕದ ಜಾಗ ಊರಿನದು.

ಆವತ್ತು ಜಟ್ಟಪ್ಪನವರ ಮನೆಯಲ್ಲಿ ಆದದ್ದೂ ಇದೇ. ಸುಲಿದು ಮುಗಿಸಿ, ಮಷಿನ್ ಏರಿಸಿ, ಹಗ್ಗ ಬಿಗಿದು, ಕಾಫಿ ಕುಡಿದು ಲೋಟ ಕೆಳಗಿಡುತ್ತಿದ್ದೆವು. ಜಟ್ಟಪ್ಪನವರು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತ, "ಹ್ಯಾಂಗೂ ಖಾಲಿ ಹೋಗ್ತಿರಲ ಮಾರಾಯ್ರೆ, ಒಂದು ಒರಳುಕಲ್ಲಿತ್ತು. ಹರಿಹರಪುರದಲ್ಲಿ ತಂಗಿ ಮನೆಗೆ ಇಳ್ಸಿ ಹೋದ್ರಾತು" ಎಂದರು.

"ಖಾಲಿ ಎಲ್ಲಿದೆ? ಮಷಿನ್ ಕಾಣದಿಲ್ವ ನಿಮಗೆ?" ಎಂದೆ ನಾನು.

"ಮಷಿನ್ ಪಕ್ಕ ಜಾಗ ಅದ್ಯಲ ತಮ್ಮಾ."

"ಹರಿಹರಪುರ ನಮ್ ದಾರೀಲಿ ಇಲ್ಲ."

"ದಾರಿ ಎಂತ, ತಿರುಗಿಸ್ದಂಗೆ ತಿರುಗ್ತದೆ."

ಅಷ್ಟರಲ್ಲಿ ದೊಡ್ಡಪ್ಪ ಎದ್ದು ನಿಂತು, ಅವರ ಬಾಯಿಯಲ್ಲಿ ಹಲ್ಲಿಗಿಂತ ಮೊದಲು ಹುಟ್ಟಿದ ಆ ಮಾತನ್ನು ಹೇಳಿಯೇಬಿಟ್ಟರು: "ಅಯ್ಯೋ ಅದಕ್ಕೆಂತ, ಹಾಕಿ ಹಾಕಿ."

ಮಾನ್ಯರೇ, ಒರಳುಕಲ್ಲನ್ನು ನಾಲ್ಕಾರು ಜನ ಸೇರಿ ಉರುಳಿಸಿಕೊಂಡು ಬಂದು ಹತ್ತಿಸಿದಾಗ ತಮ್ಮ ಹಿಂದಿನ ಸ್ಪ್ರಿಂಗ್ ಪಟ್ಟೆಗಳು ಕುಂಯ್ ಎಂದದ್ದು ನನಗೊಬ್ಬನಿಗೇ ಕೇಳಿಸಿತು. ಆಗ ಜಟ್ಟಪ್ಪನವರ ಹೆಂಡತಿ ಯಮುನಮ್ಮ ಕೊಟ್ಟಿಗೆಯ ಕಡೆಯಿಂದ, "ಒರಳು ಹೋಗೋ ಮನೆಗೇ ಕರೂನೂ ಹೋಗದಿತ್ತು. ಪಾಪ ಅದೆಂತ ಭಾರ, ನಿನ್ನೆ ಮೊನ್ನೆವರೆಗೂ ಹಾಲು ಕುಡಿತಿತ್ತು" ಎಂದು ಹಿಡಿದುಕೊಂಡು ಬಂದದ್ದು ತಮಗೂ ನೆನಪಿರಬೇಕು. ಆ ಕರು ನನ್ನನ್ನು ಬೆನ್ನ ಮೇಲೆ ಕೂರಿಸಿಕೊಂಡು ಕೊಪ್ಪಕ್ಕೆ ಹೋಗಿ ಬರುವಷ್ಟು ದೊಡ್ಡದಿತ್ತು. ಕರುವಿಗೆ ಆಧಾರ ಇರಲಿ ಎಂದು ಎರಡು ಬಾಳೆಗೊನೆ, ಕರುವನ್ನು ಹಿಡಿದುಕೊಳ್ಳಲು ಒಬ್ಬ ಆಳು, ಆಳಿಗೆ ಬೇಜಾರಾಗದಿರಲಿ ಎಂದು ಅವನ ಭಾವ. ದೊಡ್ಡಪ್ಪ ಎಲ್ಲದಕ್ಕೂ "ಅದಕ್ಕೆಂತ" ಎನ್ನುತ್ತ ನಿಂತಿದ್ದರು, ಮದುವೆಮನೆ ಬಾಗಿಲಲ್ಲಿ ಬಂದವರಿಗೆ ಪನ್ನೀರು ಹಾಕುವವರ ಹಾಗೆ.

ಮುಂದಿನದನ್ನು ತಮಗೆ ವಿವರಿಸುವುದು ಅಧಿಕಪ್ರಸಂಗ. ಫಸ್ಟ್ ಗೇರಿನಲ್ಲಿ ಅರ್ಧ ಹತ್ತಿದಿರಿ. ನಾನು ಆಕ್ಸಿಲೇಟರನ್ನು ನೆಲಕ್ಕೆ ಹಚ್ಚಿದರೂ ತಾವು ಮೇಲೆ ಹೋಗುವ ಬದಲು ಬರೀ ಕೂಗಿದಿರಿ. ದೊಡ್ಡಪ್ಪ ಹುಟ್ಟಿದಾರಭ್ಯ ಸ್ಟೇರಿಂಗ್ ಮುಟ್ಟಿದವರಲ್ಲ, ಆದರೂ ಪಕ್ಕದಲ್ಲಿ ಕೂತು "ಕ್ಲಚ್ ಬಿಡಾ, ಕ್ಲಚ್ ಹಿಡಿಯಾ" ಎಂದು ಎರಡನ್ನೂ ಒಟ್ಟಿಗೆ ಹೇಳಿದರು. ಬಿಟ್ಟರೆ ಹಿಂದೆ ತೋಟ, ಹಿಡಿದರೆ ಹೊಗೆ. ನಾನು ಹಿಡಿದೆ. ಆಳು, ಭಾವ ಇಬ್ಬರೂ ಹಾರಿ ಟೈರಿಗೆ ಕಲ್ಲು ಕೊಟ್ಟರು. ಕರು ತಾನಾಗಿಯೇ ಇಳಿದು, ಯಾರ ಸಹಾಯವೂ ಇಲ್ಲದೆ ಏರು ಹತ್ತಿ, ರಸ್ತೆಯ ಅಂಚಿನಲ್ಲಿ ನಿಂತು ತಮ್ಮನ್ನು ತಿರುಗಿ ನೋಡಿತು. ಟ್ರ್ಯಾಕ್ಟರ್ ಬಂದು ತಮ್ಮನ್ನು ಎಳೆಯುವವರೆಗೂ ಅದು ಹಾಗೇ ನೋಡುತ್ತಿತ್ತು. ನನಗೆ ನನ್ನ ಮರ್ಯಾದೆಗಿಂತ ತಮ್ಮ ಮರ್ಯಾದೆಯ ಬಗ್ಗೆಯೇ ಸಂಕಟವಾಯಿತು ಎಂದರೆ ತಾವು ನಂಬಬೇಕು.

ತಮಗೆ ಹೊಸ ಕ್ಲಚ್ ಹಾಕಿಸಿದ್ದಾಯಿತು, ಇವತ್ತು ಆ ಸಂಕಟಕ್ಕೂ ಕೊನೆ ಬಂತೆಂದುಕೊಂಡಿದ್ದೆ. ತಮ್ಮನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸ ಪಿಕಪ್ ತರುವುದೆಂದಾಗಿ, ಶೋರೂಮಿನ ಸಿದ್ದಾರ್ಥ ಎಂಬುವವರು ಬೆಳಿಗ್ಗೆ ನಮ್ಮ ಮನೆಗೆ ಬಂದರು. ಗಾಡಿ ಒಂದೇ, ಎಂಜಿನ್ ಎರಡು ಬಗೆ. ಸಣ್ಣದು ತಮ್ಮ ತಮ್ಮ, ಮುಖ ಹೊಸದು, ಎದೆ ತಮ್ಮದೇ. ದೊಡ್ಡದರ ಚಿತ್ರ ನೋಡಿಯೇ ನನಗೆ ಜಟ್ಟಪ್ಪನವರ ಏರು ಮಟ್ಟಸವಾದ ಹಾಗೆ ಕಂಡಿತು. "ದೊಡ್ಡದೇ" ಎಂದೆ. ದೊಡ್ಡಪ್ಪ ಕಾಫಿ ಲೋಟ ನೋಡುತ್ತ, "ಸಣ್ಣದೇ ಇರ್ಲಿ" ಎಂದರು. ಮೈಲೇಜಿನ ಮಾತೇ ಇರಬೇಕೆಂದು ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಮೈಲೇಜ್ ಅಲ್ಲವಂತೆ. ಮತ್ತೇನು ಎಂದು ಬೆನ್ನು ಬಿದ್ದಾಗ ಶೋರೂಮಿನವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದರು.

"ದೊಡ್ಡದು ತಗಂಡ್ರೆ ಜನಕ್ಕೆ ಎಂತ ಹೇಳದ? ನಮ್ ಗಾಡಿ ಎಳೆಯದಿಲ್ಲ ಅಂತ ಹೇಳಕ್ಕೆ ಒಂದು ನೆವ ಬ್ಯಾಡ್ವನಾ?"

"ಯಾವತ್ತಾರೂ ಹೇಳಿದಿರಾ ದೊಡ್ಡಪ್ಪ?"

"ಪ್ರತಿ ಸಲ ಹೇಳ್ಬಕು ಅನ್ಕತೀನಿ."

ಮಾನ್ಯರೇ, ತಾವು ಗಟ್ಟಿಯಾಗಿ ಹಿಡಿದುಕೊಳ್ಳಿ. ಇಷ್ಟು ದಿನ ತಾವು ತಮ್ಮನ್ನು ಎಂಜಿನ್ ಎಂದುಕೊಂಡಿದ್ದಿರಿ, ನಾನೂ ಹಾಗೇ ತಿಳಿದಿದ್ದೆ. ತಾವು ಎಂಜಿನ್ ಅಲ್ಲ. ತಾವು ನೆವ. ಬಾಯಲ್ಲಿ "ಇಲ್ಲ" ಬಾರದ ಒಬ್ಬ ಸಭ್ಯಸ್ಥರು, ನನ್ನ ಬದಲು ಬೇರೆ ಯಾರಾದರೂ ಇಲ್ಲವೆನ್ನಲಿ ಎಂದು ಶೋರೂಮಿಗೆ ಹೋಗಿ ಆರಿಸಿ ತಂದದ್ದು ತಮ್ಮನ್ನು. ಆ ನೆವವನ್ನೂ ಅವರು ಇವತ್ತಿನವರೆಗೆ ಯಾರ ಎದುರೂ ಬಳಸಿಲ್ಲ. ನಾಲಿಗೆ ತುದಿಗೆ ತಂದು, ಎದುರಿನವರ ಮುಖ ನೋಡಿ, ಒಳಗೆ ನುಂಗಿ, ಮೇಲಿಂದ ಕಾಫಿ ಕುಡಿಯುತ್ತಾರೆ. ನುಂಗಿದ್ದನ್ನು ಏರಿನಲ್ಲಿ ಎಳೆಯಬೇಕಾದವರು ತಾವು ಮತ್ತು ನಾನು.

ದೊಡ್ಡಪ್ಪನ ಮಾತಿನಲ್ಲಿ ನ್ಯಾಯವಿಲ್ಲ ಎಂದಲ್ಲ. "ಬ್ಯಾರೆ ಮಷಿನ್ ಬಿಟ್ಟು ನಮ್ದೇ ಕರಿಯದು ಎಂತಕೆ ಅನ್ಕಂಡೆ? ನಾವು ಇಲ್ಲ ಅನ್ನದಿಲ್ಲ ಅಂತ" ಎಂದರು. ಇರಬಹುದು. ಹಾಗಾದರೆ "ಆಗಲಿ" ಎನ್ನುವ ಬಾಯಿಗೆ ದೊಡ್ಡ ಎಂಜಿನ್ ತನ್ನಿ, "ಆಗಲ್ಲ" ಎನ್ನುವುದಾದರೆ ಸಣ್ಣದು ತನ್ನಿ. ಅಷ್ಟು ದೊಡ್ಡ ಬಾಯಿಗೆ ಇಷ್ಟು ಸಣ್ಣ ಎಂಜಿನ್ ಕಟ್ಟಿದರೆ ನಡುವೆ ಸುಡುವುದು ಡ್ರೈವರ್. ಇದನ್ನು ಹೇಳಲು ಹತ್ತನೇ ಕ್ಲಾಸ್ ಪಾಸಾಗಬೇಕಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಮ್ಮ ಜಾಗಕ್ಕೆ ಬರುವ ತಮ್ಮ ತಮ್ಮನಿಗೆ ತಾವು ಕೆಲವು ಬುದ್ಧಿಮಾತು ಹೇಳಿ ಕಳಿಸಬೇಕು. ಯಾರಾದರೂ "ಹ್ಯಾಂಗೂ ಖಾಲಿ" ಎಂದು ಶುರುಮಾಡಿದ ಕ್ಷಣ ಅವನು ಆಫ್ ಆಗಿ ಕಣ್ಣು ಮುಚ್ಚಿಕೊಳ್ಳಬೇಕು. ಒರಳುಕಲ್ಲು ಹತ್ತಿರ ಬಂದರೆ ರೇಡಿಯೇಟರಿನಿಂದ ಬೆವರಿ, ನೆಂಟರ ಮುಂದೆ ಜ್ವರ ಬಂದವನ ಹಾಗೆ ನರಳಬೇಕು. ಕಂಪನಿಯವರಿಗೂ ತಾವೇ ಶಿಫಾರಸು ಮಾಡಿ, ಟರ್ಬೊ ಗಿರ್ಬೊ ಬೇಡ, ಅದರ ಬದಲು ಒಂದು ಬಾಯಿ ಕೂರಿಸಲಿ. ಹಾರ್ನ್ ಒತ್ತಿದರೆ ಪೀಂ ಎನ್ನುವುದರ ಬದಲು ಇಂಪಾದ ಹೆಂಗಸಿನ ದನಿಯಲ್ಲಿ "ಕ್ಷಮಿಸಿ, ಆಗುವುದಿಲ್ಲ" ಎನ್ನಲಿ. ಮಲೆನಾಡಿಗೆಂದೇ ಅಂಥದೊಂದು ಮಾಡೆಲ್ ಬಿಟ್ಟರೆ ಶೋರೂಮಿನ ಬಾಗಿಲು ಮುರಿದುಹೋಗುತ್ತದೆ.

ಇನ್ನು ಮುಖ್ಯ ವಿಷಯ. ದೊಡ್ಡಪ್ಪ ಸಣ್ಣದಕ್ಕೇ ಬುಕಿಂಗ್ ಮಾಡಿದರು. ಕೆಲಸ ಆದ ಖುಷಿಯಲ್ಲಿ ಸಿದ್ದಾರ್ಥ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಹ್ಯಾಂಗೂ ನಾಳೆ ಕೊಪ್ಪದ ಕಡೆಗೇ ಕೆಲ್ಸ ಅಂದ್ರಲ ಸರ್, ನಮ್ಮತ್ತೆದೊಂದು ಬೀರು ಇತ್ತು" ಎಂದರು. ಗಾಡಿ ಮಾರುವವರಿಗೇ ನಮ್ಮ ಗಾಡಿ ಬೇಕು! ದೊಡ್ಡಪ್ಪ "ಅಯ್ಯೋ ಅದಕ್ಕೆಂತ" ಎನ್ನುವಷ್ಟರಲ್ಲಿ ನಾನು ನಡುವೆ ಬಾಯಿ ಹಾಕಿ, "ಆಗಲ್ಲ" ಎಂದೆ.

ಆ ಮಾತಿಗೆ ನಮ್ಮ ಜಗಲಿಯಲ್ಲಿ ಸಿಡಿಲು ಬಿದ್ದ ಹಾಗಾಯಿತು. ದೊಡ್ಡಪ್ಪನ ಮುಖ ಕೆಂಪಾಯಿತು. "ಮನೆಗ್ ಬಂದೋರತ್ರ ಹಿಂಗ್ ಮಾತಾಡದನಾ? ಬಾಯಿ ಜೋರಾತು ನಿಂದು. ಓಡ್ಸಕ್ ಬರದಿಲ್ಲ ಅಂತ ಊರೆಲ್ಲ ಅಂದ್ರೂ ಇಟ್ಕಂಡಿದ್ದೆ. ನಾಳಿಂದ ಬರದು ಬ್ಯಾಡ, ಬ್ಯಾರೆ ಡ್ರೈವರ್ ನೋಡ್ತೀನಿ" ಎಂದರು.

ನೋಡಿದಿರಾ ಮಾನ್ಯರೇ, "ಬ್ಯಾಡ" ಅವರ ಬಾಯಲ್ಲಿ ಇತ್ತು. ಸರಾಗವಾಗಿ, ತೊದಲದೆ ಬಂತು. ಜಟ್ಟಪ್ಪನಿಗೆ ಬಾರದ್ದು, ಒರಳುಕಲ್ಲಿಗೆ ಬಾರದ್ದು, ಯಾರದೋ ಅತ್ತೆಯ ಬೀರುವಿಗೆ ಬಾರದ್ದು ತಮ್ಮನ ಮಗನಿಗೆ ಬಂತು. ಶೋರೂಮಿನವರ ಎದುರೇ ಬಂತು. ನನಗೆ ಅಳು ಬಂದ ಹಾಗೆ ಆಗಲಿಲ್ಲ, ಯಾರಾದರೂ ಹಾಗೆ ಹೇಳಿದರೆ ಸುಳ್ಳು.

ಈ ಸೀಟನ್ನು ನಾನು ನನ್ನ ಬೆನ್ನಿಗೆ ಸರಿಯಾಗಿ ಕೂರಿಸಿಕೊಂಡಿದ್ದೆ. ಬರುವವರು ಅವರಿಗೆ ಬೇಕಾದ ಹಾಗೆ ತಿರುಗಿಸಿಕೊಳ್ಳಲಿ. ಮಷಿನ್ನಿನ ಹಗ್ಗ ಸೀಟಿನ ಹಿಂದಿದೆ. ಎಡಗಡೆ ಹಿಂದಿನ ಟೈರಿಗೆ ಗಾಳಿ ಕಡಿಮೆ, ಅದನ್ನು ಹೊಸಬರಿಗೆ ತಾವೇ ಹೇಳಬೇಕು, ನಾನಂತೂ ಹೇಳುವುದಿಲ್ಲ.

ಇವತ್ತು ಬೆಳಗಿನ ಕಾಫಿಯವರೆಗೆ ತಮ್ಮ ವಿಶ್ವಾಸಿಯಾಗಿದ್ದ,
ಸೋಮನಾಥ, ಮುತ್ತಿನಕೊಪ್ಪ

ಬಿಟ್ಟುಹೋದ ಮಾತು: ತಮ್ಮ ಕೀಲಿ ನನ್ನ ಜೇಬಿನಲ್ಲೇ ಹೋಗುತ್ತಿದೆ. ಇನ್ನೊಂದು ಕೀಲಿ ಯಾರ ಮನೆ ಸಾಮಾನಿನ ಜೊತೆ ಯಾವ ಊರಲ್ಲಿ ಇಳಿಯಿತೋ ಯಾರಿಗೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಆ ಬೀರು ಬಂದು ನಮ್ಮ ಅಂಗಳದಲ್ಲಿ ನಿಂತಾಗ ದೊಡ್ಡಪ್ಪನಿಗೆ ಜನ್ಮದಲ್ಲಿ ಮೊದಲ ಸಲ ಒಂದು ನಿಜವಾದ ನೆವ ಕೈಗೆ ಸಿಕ್ಕಿರುತ್ತದೆ. ಅದನ್ನಾದರೂ ಬಾಯಿಬಿಟ್ಟು ಹೇಳುತ್ತಾರೋ, "ಅದಕ್ಕೆಂತ" ಎಂದು ತಲೆ ಮೇಲೆ ಹೊತ್ತುಕೊಂಡು ಕೊಪ್ಪಕ್ಕೆ ನಡೆದೇ ಹೊರಡುತ್ತಾರೋ, ತಾವು ಇಲ್ಲೇ ನಿಂತಿರುತ್ತೀರಲ್ಲ, ಕಣ್ಣಾರೆ ನೋಡಿ. ನನಗೆ ಬಸ್ಸಿನ ಹೊತ್ತಾಯಿತು, ಇಳಿಯುತ್ತಿದ್ದೇನೆ. ತಮ್ಮ ಬಾಗಿಲು ಎಷ್ಟು ಸಲ ಹಾಕಿದರೂ ಸರಿಯಾಗಿ ಕೂರುವುದಿಲ್ಲ ಎಂದು ಮನೆಯಲ್ಲಿ ಎಲ್ಲರದೂ ಒಂದೇ ಗೊಣಗಾಟ. ಇವತ್ತು ಕೂರುತ್ತದೆ.