ಬಿಸ್ಕತ್ತು ಪೊಟ್ಟಣದ ಮೇಲಿರುವ ಡಾಕ್ಟರರ ಸನ್ನಿಧಿಗೆ

ಶ್ರೀನಿವಾಸಪುರ
12 ಜೂನ್ 1984

ಬಲವರ್ಧನ್ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣದ ಮೇಲೆ, ಕತ್ತಿಗೆ ಸ್ಟೆತಾಸ್ಕೋಪ್ ಹಾಕಿಕೊಂಡು ನಗುತ್ತಾ ನಿಂತಿರುವ ಮಾನ್ಯ ಡಾಕ್ಟರರೇ,

ಶ್ರೀನಿವಾಸಪುರದ ಮಂಡಿ ಬೀದಿಯಿಂದ ಗಂಗರತ್ನಮ್ಮ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಿನ್ನೆ ಬುಡನ್ ಸಾಬರ ಅಂಗಡಿಯ ಗಾಜಿನ ಬೀರುವಿನಲ್ಲಿ ನೋಡಿದಾಗ ತಮ್ಮ ಮುಖದ ಕಳೆ ಮೊದಲಿನಂತೆಯೇ ಇತ್ತು. ನಾನು ಏಳನೇ ತರಗತಿಯವರೆಗೆ ಓದಿದವಳು. ದಿನಚರಿ ಬರೆಯುವ ಅಭ್ಯಾಸವೊಂದನ್ನು ಬಿಟ್ಟರೆ ಬರವಣಿಗೆಯಲ್ಲಿ ಪಳಗಿದವಳಲ್ಲ. ತಮ್ಮ ಮನೆಯ ವಿಳಾಸ ಯಾರಿಗೂ ಗೊತ್ತಿಲ್ಲದ್ದರಿಂದ ಪತ್ರಿಕೆಯ ಮೂಲಕ ಬರೆಯಬೇಕಾಯಿತು.

ಮೊದಲು ತಮಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುತ್ತೇನೆ. ಬೇರೆ ಡಾಕ್ಟರನ್ನು ನೋಡಬೇಕಾದರೆ ನಾವು ಬೆಳಗಿನ ಬಸ್ಸು ಹಿಡಿದು, ಚೀಟಿ ಬರೆಸಿ, ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂರಬೇಕು. ತಾವಾದರೆ ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ, ಮಾಲೂರಿನ ಪೆಟ್ಟಿಗೆ ಅಂಗಡಿಯಲ್ಲಿ, ಗೌನಿಪಲ್ಲಿಯ ಸಂತೆಯಲ್ಲಿ, ಹೋದಲ್ಲೆಲ್ಲ ಸಿಗುತ್ತೀರಿ. ನಾಡಿ ಹಿಡಿಯುವುದಿಲ್ಲ, ನಾಲಗೆ ಚಾಚಲು ಹೇಳುವುದಿಲ್ಲ, ಎಲ್ಲ ಕಾಯಿಲೆಗೂ ಒಂದೇ ಔಷಧಿ ಕೊಡುತ್ತೀರಿ. ‘ಅಶಕ್ತರಿಗೆ ಆಹಾರ, ರೋಗಿಗಳಿಗೆ ಆಧಾರ’ ಎಂದು ತಮ್ಮ ಕಾಲ ಬಳಿಯೇ ಅಚ್ಚು ಹಾಕಿರುವುದರಿಂದ ನಮ್ಮ ಕಡೆ ಅದನ್ನು ಯಾರೂ ಬಲವರ್ಧನ್ ಎನ್ನುವುದಿಲ್ಲ, ‘ಡಾಕ್ಟ್ರು ಬಿಸ್ಕತ್ತು’ ಎನ್ನುತ್ತಾರೆ. ಇಷ್ಟು ಹೆಸರು ಮಾಡಿದ ವೈದ್ಯರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ನನ್ನ ಯಜಮಾನರು ಶ್ರೀರಾಮಪ್ಪನವರು ಮಾವಿನ ಮಂಡಿಯಲ್ಲಿ ಹಣ್ಣು ವಿಂಗಡಿಸುವ ಕೆಲಸದಲ್ಲಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಕೋಲಾರದ ಡಾಕ್ಟರು ಹೇಳಿದ ದಿನವೇ ಸಕ್ಕರೆ, ಬೆಲ್ಲ, ಹಣ್ಣು ಎಲ್ಲವನ್ನೂ ಬಿಟ್ಟರು. ಎರಡು ವರ್ಷದ ಹಣ್ಣಿನ ಕಾಲದಲ್ಲಿ ದಿನವೆಲ್ಲ ಬಾದಾಮಿ ಹಣ್ಣಿನ ರಾಶಿಯ ನಡುವೆ ಕೂತು, ಒಂದೊಂದನ್ನೂ ಮೂಸಿ ನೋಡಿ ಬುಟ್ಟಿಗೆ ಹಾಕುತ್ತಿದ್ದರೇ ಹೊರತು ಒಂದು ಹೋಳನ್ನೂ ಬಾಯಿಗಿಟ್ಟವರಲ್ಲ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಅವರು ಬಾಯಿಚಪಲದ ಮನುಷ್ಯರಾಗಿದ್ದರೆಂದು ತಮ್ಮ ಕಂಪನಿಯವರು ತಿಳಿದಂತಿದೆ.

ಕಳೆದ ವರ್ಷ ಅವರ ಕಾಲಿಗೆ ಮೊಳೆ ಚುಚ್ಚಿ ಗಾಯವಾಗಿ ಮಲಗಿದರು. ಮಲಗಿದವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಕಡೆಯ ಪದ್ಧತಿ. ತಂದದ್ದನ್ನು ರೋಗಿ ಅವರ ಎದುರಿಗೇ ಒಂದಿಷ್ಟು ತಿನ್ನದಿದ್ದರೆ ಬಂದವರಿಗೆ ಅವಮಾನ. ಹಿಂದೆ ಗಂಜಿ ಕಾಸಿ ತರುತ್ತಿದ್ದರು. ತಾವು ಬಂದ ಮೇಲೆ ಒಲೆ ಹಚ್ಚುವ ತೊಂದರೆ ತಪ್ಪಿತು. ನೋಡಲು ಬಂದವರೆಲ್ಲರ ಕೈಯಲ್ಲೂ ತಾವೇ ನಗುತ್ತಿದ್ದಿರಿ. ನಾಳೆ ಅವರ ಮನೆಯಲ್ಲಿ ಯಾರಾದರೂ ಮಲಗಿದರೆ ನಾವೂ ಹೋಗಬೇಕಲ್ಲ ಎಂದು ಬಂದವರ ಹೆಸರನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಎರಡು ತಿಂಗಳಲ್ಲಿ ಯಾರೂ ಬಾರದ ದಿನವೆಂದರೆ ಅಮಾವಾಸ್ಯೆಗಳು ಮಾತ್ರ.

“ಏನತ್ತಿಗೆ, ನಮ್ಮಣ್ಣ ಬರೀ ಮುದ್ದೆ ನುಂಗಿ ಎದ್ದೇಳ್ತಾನಾ? ದಿನಾ ಒಂದು ಪೊಟ್ಟಣ ಹಾಲಲ್ಲಿ ಅದ್ದಿ ಕೊಡು, ರಕ್ತ ಊರ್ತದೆ” ಎಂದು ನಾದಿನಿ ಬೈರಮ್ಮ ಗದರಿದಳು. ನನಗೆ ಒಮ್ಮೆ ಅನುಮಾನ ಬಂದು, ಇದು ಸಿಹಿಯಲ್ಲವೇ ಎಂದು ಯಜಮಾನರನ್ನೇ ಕೇಳಿದೆ. “ಸಿಹಿ ಅಂದ್ರೆ ಲಾಡು ಕಣೇ, ಇದು ಪಥ್ಯ. ಮೇಲೆ ಡಾಕ್ಟ್ರು ನಿಂತವ್ರೆ, ಕಾಣಲ್ವಾ?” ಎಂದರು. ಅವರು ಡಾಕ್ಟರ ಮಾತು ಮೀರುವವರಲ್ಲ. ಕೋಲಾರದ ಡಾಕ್ಟರು ಸಿಹಿ ಬಿಡು ಎಂದರು, ಬಿಟ್ಟರು. ತಾವು ಬಿಸ್ಕತ್ತು ತಿನ್ನು ಎಂದಿರಿ, ತಿಂದರು. ಇಬ್ಬರಿಗೂ ಇಷ್ಟು ವಿಧೇಯನಾದ ರೋಗಿ ತಮಗೆ ಮತ್ತೆ ಸಿಗುವುದು ಕಷ್ಟ.

ಗಾಯ ಕಪ್ಪಗಾದ ಮೇಲೆ ಕೋಲಾರಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಪರೀಕ್ಷೆಯ ಕಾಗದ ನೋಡಿ, “ಸಿಹಿ ಏನಾದ್ರೂ ಕೊಡ್ತಿದೀರೇನಮ್ಮಾ?” ಎಂದು ಕೇಳಿದರು. “ಅಯ್ಯೋ, ಒಂದು ಚೂರು ಬೆಲ್ಲ ಕೂಡ ಇಲ್ಲ ಸ್ವಾಮಿ. ಬರೀ ಬಿಸ್ಕತ್ತು” ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊಣಕಾಲಿನ ಕೆಳಗಿನ ಭಾಗವನ್ನು ತೆಗೆದರು. ಒಂಬತ್ತನೆಯ ದಿನ ಯಜಮಾನರೂ ಹೋದರು. ಆ ದಿನದ ಪುಟದಲ್ಲಿ ‘ಮಂಗಳವಾರ’ ಎಂದಷ್ಟೇ ಬರೆದಿದ್ದೇನೆ.

ವಿಷಯವನ್ನೆಲ್ಲ ವಿವರಿಸಿ ತಮ್ಮ ಕಂಪನಿಗೆ ಕಾಗದ ಹಾಕಿದೆ. ಅವರು ದೊಡ್ಡವರು, ಟೈಪು ಮಾಡಿಸಿ ಉತ್ತರ ಕಳಿಸಿದರು. ಪೊಟ್ಟಣದ ಮೇಲಿರುವವರು ವೈದ್ಯರಲ್ಲ, ಚಿತ್ರಕಾರರ ಕಲ್ಪನೆ. ಬಿಸ್ಕತ್ತು ತಿನ್ನಲು ಕಂಪನಿ ಯಾರನ್ನೂ ಬಲವಂತ ಮಾಡಿಲ್ಲ. ಅವರವರ ಆರೋಗ್ಯಕ್ಕೆ ಅವರವರೇ ಜವಾಬ್ದಾರರು ಎಂದು ಅದರಲ್ಲಿತ್ತು. ನನ್ನ ದುಃಖದಲ್ಲಿ ಕಂಪನಿಯೂ ಭಾಗಿಯೆಂದು ಎರಡು ಪೊಟ್ಟಣ ಬಿಸ್ಕತ್ತನ್ನೂ ಜೊತೆಯಲ್ಲಿ ಕಳಿಸಿದ್ದರು. ತಾವು ಡಾಕ್ಟರಲ್ಲವೆಂಬ ಸಂಗತಿಯನ್ನು ತಮಗೆ ಈ ರೀತಿ ನಾಲ್ಕು ಜನರ ಮುಂದೆ ತಿಳಿಸಬೇಕಾಗಿ ಬಂದದ್ದಕ್ಕೆ ವಿಷಾದಿಸುತ್ತೇನೆ.

ಕಂಪನಿಯವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಯಾರೂ ನಮ್ಮ ಕೈ ಹಿಡಿದು ತಿರುಚಲಿಲ್ಲ. ಬುಡನ್ ಸಾಬರು ಕೇಳಿದವರಿಗೆ ಕೊಟ್ಟರು, ಬಂಧುಗಳು ಪ್ರೀತಿಯಿಂದ ತಂದರು, ನಾನು ಹಾಲಲ್ಲಿ ಅದ್ದಿದೆ, ಅವರು ಬಾಯಿ ತೆರೆದರು. ಅನುಮಾನ ಬಂದ ದಿನ ನಾನು ಸುಮ್ಮನಾದೆ. ಆದ್ದರಿಂದ ಜವಾಬ್ದಾರಿಯಲ್ಲಿ ಅರ್ಧ ನನ್ನದೆಂದು ಈ ಪತ್ರದಲ್ಲಿ ಒಪ್ಪಿ ಸಹಿ ಮಾಡುತ್ತಿದ್ದೇನೆ. ಅದನ್ನು ನಾನು ಯಾರಿಗೂ ಹಂಚುವುದಿಲ್ಲ. ಉಳಿದರ್ಧಕ್ಕೆ, ತಮ್ಮ ಕತ್ತಿಗೆ ಆ ಸ್ಟೆತಾಸ್ಕೋಪ್ ಹಾಕಿದವರು ಯಾರೋ ಅವರು ಬಂದು ಸಹಿ ಹಾಕಲೆಂದು ಕೆಳಗೆ ಜಾಗ ಬಿಟ್ಟಿದ್ದೇನೆ.

ಇನ್ನು ನನ್ನ ಬೇಡಿಕೆ. ವಕ್ಕಲೇರಿಯಲ್ಲಿ ನನ್ನ ಅಕ್ಕ ರಾಮಲಕ್ಷ್ಮಮ್ಮನಿಗೆ ಅದೇ ಸಕ್ಕರೆ ಕಾಯಿಲೆ, ಈಗ ಹಿಮ್ಮಡಿಯಲ್ಲಿ ಹುಣ್ಣು. ಹೋದ ತಿಂಗಳು ನುಗ್ಗೆಸೊಪ್ಪು ಕಟ್ಟಿಕೊಂಡು ನೋಡಲು ಹೋದರೆ, ಅವಳ ತಲೆದೆಸೆಯಲ್ಲಿ ತಾವು ಒಬ್ಬರ ಮೇಲೊಬ್ಬರು ಹದಿನಾಲ್ಕು ಮಂದಿ ನಿಂತಿದ್ದಿರಿ. “ಸೊಪ್ಪು ತಂದ್ಯೇನೇ? ಗಂಡ ಹೋದ್ಮೇಲೆ ಕೈ ಬಿಗಿಯಾಯ್ತಾ ರತ್ನಾ?” ಎಂದು ಅಲ್ಲಿದ್ದವರು ನಕ್ಕರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ಕೇಳಿಸಿಕೊಂಡು, “ನಿಮ್ಮೆಜಮಾನ್ರ ಹಣೇಲಿ ಬರೆದಿತ್ತು ಬಿಡೇ. ಸುಮ್‌ಸುಮ್ನೆ ಡಾಕ್ಟ್ರು ಚಿತ್ರ ಹಾಕ್ತಾರಾ?” ಎಂದಳು. ಒಡಹುಟ್ಟಿದ ನನ್ನ ಮಾತಿಗಿಂತ ತಮ್ಮ ನಗುವಿನ ಮೇಲೆ ಅವಳಿಗೆ ಹೆಚ್ಚು ನಂಬಿಕೆ. ಅವಳಿಗೆ ಎರಡೂ ಕಾಲು ಇನ್ನೂ ಇವೆ.

ಆದ್ದರಿಂದ ತಾವು ದಯಮಾಡಿ ಒಂದು ದಿನದ ಮಟ್ಟಿಗೆ ಕಾಗದದಿಂದ ಇಳಿದು ವಕ್ಕಲೇರಿಗೆ ಹೋಗಿ, “ನಾನು ಡಾಕ್ಟರಲ್ಲಮ್ಮಾ” ಎಂದು ಸ್ವಂತ ಬಾಯಿಂದ ಹೇಳಿ ಬರಬೇಕು. ಬಸ್ಸಿನಲ್ಲಿ ಜಾಗ ನಾನು ಹಿಡಿದು ಕೊಡುತ್ತೇನೆ. ಅಷ್ಟು ಬಿಡುವಿಲ್ಲದಿದ್ದರೆ ವೈದ್ಯಕೀಯ ಪರೀಕ್ಷೆಗೆ ಕಟ್ಟಿ ಪಾಸಾಗಬೇಕು. ಅದೂ ಆಗದಿದ್ದರೆ ಸ್ಟೆತಾಸ್ಕೋಪ್ ತೆಗೆದಿಟ್ಟು, ಕೈಯಲ್ಲೊಂದು ಜಾಲರಿ ಸಟ್ಟುಗ ಹಿಡಿದು, ಮಿಠಾಯಿ ಅಂಗಡಿಯವರಂತೆ ನಿಲ್ಲಬೇಕು. ಆಗಲೂ ತಾವು ಹೀಗೇ ನಗಬಹುದು, ಅದಕ್ಕೆ ನನ್ನ ಅಡ್ಡಿಯಿಲ್ಲ. ತಮ್ಮನ್ನು ಆ ವೇಷದಲ್ಲಿ ಕಂಡಿದ್ದರೆ ನನ್ನ ಯಜಮಾನರು ಮೂಸಿ ನೋಡಿ ಪಕ್ಕಕ್ಕಿಡುತ್ತಿದ್ದರು.

ತಮ್ಮ ಮಾತನ್ನು ಎರಡು ತಿಂಗಳು ಒಂದು ದಿನವೂ ತಪ್ಪದೆ ಪಾಲಿಸಿದ ಮನೆಯಿಂದ,
ತಮ್ಮ ವಿಶ್ವಾಸಿ,
ಗಂಗರತ್ನಮ್ಮ
(ಅರ್ಧ ಜವಾಬ್ದಾರಿಗೆ)

........................
(ಉಳಿದರ್ಧಕ್ಕೆ)

ಮರೆತ ಮಾತು: ಇದನ್ನು ಅಂಚೆಗೆ ಹಾಕುವ ಮೊದಲೇ ವಕ್ಕಲೇರಿಯಿಂದ ಕಾರ್ಡು ಬಂತು. ನನ್ನ ಮಾತು ಆಮೇಲೆ ಮನಸ್ಸಿಗೆ ಹತ್ತಿ ಅಕ್ಕ ಬಿಸ್ಕತ್ತನ್ನು ಪೂರ್ತಿ ಬಿಟ್ಟಿದ್ದಾಳಂತೆ. ನೋಡಲು ಬಂದವರಿಗೂ ತರಬೇಡಿರೆಂದು ಹೇಳಿದ್ದಾಳಂತೆ. ಈಗ ಅವರೆಲ್ಲ ತಮ್ಮದೇ ಕಂಪನಿಯ ಹೊಸ ಬಲವರ್ಧನ್ ಶಕ್ತಿಪುಡಿಯ ಡಬ್ಬಿ ತರುತ್ತಿದ್ದಾರಂತೆ, ಅಕ್ಕ ಹೊತ್ತಿಗೊಂದು ಲೋಟದಂತೆ ಕುಡಿಯುತ್ತಿದ್ದಾಳಂತೆ. ಡಬ್ಬಿಯ ಮೇಲೆ ಬಿಳಿ ಟೋಪಿಯ ನರ್ಸಮ್ಮನವರೊಬ್ಬರು ಇದ್ದಾರಂತೆ. ಒಂದೇ ಕಂಪನಿಯಲ್ಲಿರುವ ತಮಗೆ ಅವರ ಪರಿಚಯವಿರಬೇಕು. ಅವರಾದರೂ ನಿಜವಾದ ನರ್ಸಮ್ಮನೇ ಎಂದು ವಿಚಾರಿಸಿ, ಬೇಗ ತಿಳಿಸಬೇಕು. ಹುಣ್ಣು ಈಗ ಪಾದಕ್ಕೆಲ್ಲ ಹರಡಿದೆ.