ಚುಕ್ಕೆ ಕಾಯುವ ಅತ್ತೆ

ನಾನು ಹೋದ ಊರಿಗೆಲ್ಲ ನಮ್ಮ ಅತ್ತೆಯೂ ಬಂದಿದ್ದಾರೆ. ಹುಬ್ಬಳ್ಳಿ, ಕೊಯಮತ್ತೂರು, ಕೊಲ್ಲಾಪುರ, ಯಾವುದನ್ನೂ ಬಿಟ್ಟಿಲ್ಲ. ಇಷ್ಟೂ ಪ್ರಯಾಣದಲ್ಲಿ ಅವರು ಸಿಂಗಸಂದ್ರದ ತಮ್ಮ ಮನೆಯ ಗೇಟು ದಾಟಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು, ಏಕೆಂದರೆ ಅವರು ಪ್ರಯಾಣ ಮಾಡುವುದು ನನ್ನ ಫೋನಿನೊಳಗೆ ಕುಳಿತುಕೊಂಡು!

ಅತ್ತೆ ಎಂದರೆ ನಮ್ಮ ತಂದೆಯ ತಂಗಿ. ಅವರ ಮನೆಯ ಮಹಡಿಯ ಮೇಲೆ ನನ್ನ ವಾಸ, ಊಟ ಮಾತ್ರ ಕೆಳಗೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ. ನಾವು ಮಾರಿದ ಯಂತ್ರ ಯಾವ ಊರಿನಲ್ಲಿ ಕೆಟ್ಟರೂ ಚೀಲ ಹೆಗಲಿಗೇರಿಸಿ ಓಡಬೇಕು. ಹೀಗೆ ಓಡುವ ಒಂದು ದಿನ, ಫೋನಿನಲ್ಲಿ ಲೈವ್ ಲೊಕೇಶನ್ ನೋಡುವುದು ಹೇಗೆಂದು ಅತ್ತೆಗೆ ನಾನೇ ಕಲಿಸಿದೆ. ನನ್ನ ಜೀವನದ ಎಡವಟ್ಟುಗಳಲ್ಲಿ ಅದಕ್ಕೆ ಮೊದಲ ಸ್ಥಾನ.

ಅಂದಿನಿಂದ ನಾನು ಅತ್ತೆಯ ಪಾಲಿಗೆ ಒಂದು ಚುಕ್ಕೆ. ಭೂಪಟದ ಮೇಲೆ ಹರಿದಾಡುವ ನೀಲಿ ಚುಕ್ಕೆ. ಅದು ಹರಿದಾಡಿದರೆ ಸರಿ, ನಿಂತಿತೋ ಫೋನು ಬಂತು!

"ಚಿತ್ರದುರ್ಗದ ಹತ್ರ ಯಾಕೋ ನಿಂತ್ಬಿಟ್ಟೆ?"

"ಬಸ್ ನಿಲ್ಸಿದಾರೆ ಅತ್ತೆ. ಬಾತ್‌ರೂಮಿಗೆ ಬಂದಿದೀನಿ."

"ಆ ಹೋಟೆಲ್ಲಾ? ಅಲ್ಲಿ ನೀರೇ ಬರಲ್ವಂತೆ ಕಣೋ, ಮ್ಯಾಪಲ್ಲಿ ಯಾರೋ ಮೂರು ಜನ ಬರೆದಿದಾರೆ. ಚಟ್ನಿನೂ ಸರಿಯಿಲ್ವಂತೆ. ಬಾಟಲಿ ಒಳಗಡೆ ತಗೊಂಡು ಹೋಗು."

ನಾನು ಬಾಟಲಿ ತರಲು ಬಸ್ಸಿಗೆ ವಾಪಸು ಓಡಿದೆ. ನೀರು ನಿಜಕ್ಕೂ ಬರುತ್ತಿರಲಿಲ್ಲ!

ಅತ್ತೆ ಊರುಗಳನ್ನು ಹೀಗೆಯೇ ಬಲ್ಲರು. ಚುಕ್ಕೆಯ ಅಕ್ಕಪಕ್ಕದಲ್ಲಿ ಯಾವ ಹೋಟೆಲು, ಯಾವ ದೇವಸ್ಥಾನ, ಎಲ್ಲಿ ರಸ್ತೆ ಅಗೆದು ಹಾಕಿದ್ದಾರೆ, ಜನ ಏನು ಬರೆದಿದ್ದಾರೆ, ಎಲ್ಲವನ್ನೂ ಬೆರಳಲ್ಲಿ ಎಳೆದೆಳೆದು ಓದುತ್ತಾರೆ. ಒಮ್ಮೆ ಹುಬ್ಬಳ್ಳಿಯಲ್ಲಿ ನಾನು ಹತ್ತಿದ ಆಟೋ ದಾರಿ ತಪ್ಪಿತು. ಅತ್ತೆ ಸ್ಪೀಕರಿನಲ್ಲೇ ಚಾಲಕನಿಗೆ ದಾರಿ ಹೇಳಿದರು. "ಅಣ್ಣಾ, ಮುಂದೆ ಗಣಪತಿ ಗುಡಿ ಬರುತ್ತೆ ನೋಡಿ, ಅಲ್ಲಿ ಎಡಕ್ಕೆ ತಗೊಳ್ಳಿ." ಗುಡಿ ಬಂತು, ಎಡಕ್ಕೆ ತಿರುಗಿದ್ದೂ ಆಯಿತು. ಚಾಲಕ ಬೆರಗಾಗಿ ಕೇಳಿದ, "ಅಕ್ಕಾರು ಯಾವ ಓಣ್ಯಾಗ ಹುಟ್ಟ್ಯಾರ್ರೀ?" ಅವರು ಹುಬ್ಬಳ್ಳಿಯನ್ನು ಕಣ್ಣಿನಿಂದ ಕಂಡೇ ಇಲ್ಲ ಎಂದೆ. ಅವನು ಇಳಿಸುವ ತನಕ ಕನ್ನಡಿಯಲ್ಲಿ ನನ್ನ ಫೋನನ್ನೇ ನೋಡುತ್ತಿದ್ದ.

ಅವರ ಅಳಿಯನ ಪಾಡು ನನಗಿಂತ ಕಷ್ಟದ್ದು. ಮಗಳು ಅಳಿಯ ಇರುವುದು ದೊಡ್ಡನೆಕ್ಕುಂದಿಯಲ್ಲಿ. ಒಂದು ಬೆಳಿಗ್ಗೆ ಅತ್ತೆ ಕಳಿಸಿದ ಉಪ್ಪಿನಕಾಯಿ ಡಬ್ಬಿ ಇಸಿದುಕೊಳ್ಳಲು ಅಳಿಯ ಅತ್ತೆಗೆ ಲೊಕೇಶನ್ ಹಾಕಿದವನು, ಆರಿಸಲು ಮರೆತ. ಬೆಳ್ಳಂದೂರಿನ ಆಫೀಸಿನಲ್ಲಿ ದಿನವಿಡೀ ಮೀಟಿಂಗ್ ಎಂದು ಹೆಂಡತಿಗೆ ಹೇಳಿ ಹೋಗಿದ್ದ. ಹನ್ನೊಂದು ಗಂಟೆಗೆ ಅತ್ತೆಯ ಫೋನು. "ಅಳಿಯಂದ್ರೇ, ನಿಮ್ಮ ಆಫೀಸು ಯಾವಾಗ ನಂದಿಬೆಟ್ಟ ಹತ್ತಿತು?" ಅಂದಿನಿಂದ ಅವನು ಉಪ್ಪಿನಕಾಯಿಯನ್ನೇ ತಿನ್ನುವುದಿಲ್ಲ!

ಈ ಲೈವ್ ಲೊಕೇಶನ್ ಎಂಬುದು ಎಂಟು ಗಂಟೆ ನಡೆದು ತಾನೇ ಆರಿಹೋಗುತ್ತದೆ. ಬೇಕಿದ್ದರೆ ಮತ್ತೆ ಹಾಕಬೇಕು. ಅತ್ತೆಗೆ ಇದು ಬಹಳ ಹಿಡಿಸಿತು. ಅವರ ಯಜಮಾನರು, ಅಂದರೆ ನಮ್ಮ ಮಾವ, ಮೂವತ್ತೈದು ವರ್ಷ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದವರು. ಎಂಟು ಗಂಟೆ ಎಂದರೆ ಆ ಮನೆಯಲ್ಲಿ ಒಂದೇ ಅರ್ಥ. "ಲೋ, ಶಿಫ್ಟ್ ಮುಗೀತು ಕಣೋ, ಕಾರ್ಡ್ ಪಂಚ್ ಮಾಡು!" ಎಂದು ಫೋನು ಬರುತ್ತಿತ್ತು. ನಾನು ಯಾವ ಊರಿನ ಯಾವ ಯಂತ್ರದ ಹೊಟ್ಟೆಯೊಳಗೆ ತಲೆ ಹಾಕಿದ್ದರೂ ಎದ್ದು, ಲೊಕೇಶನ್ ಮತ್ತೆ ಹಾಕಿ ಪಂಚ್ ಮಾಡುತ್ತಿದ್ದೆ.

ಅನ್ನಕ್ಕಿಡುವುದೂ ಚುಕ್ಕೆಯ ಲೆಕ್ಕದಲ್ಲೇ. ಚುಕ್ಕೆ ಊರಂಚಿನ ಪೀಣ್ಯ ಮುಟ್ಟಿದರೆ ಅಕ್ಕಿ ತೊಳೆದು ನೆನೆಹಾಕುವುದು, ಸಿಲ್ಕ್ ಬೋರ್ಡ್ ದಾಟಿದರೆ ಕುಕ್ಕರ್ ಒಲೆಯ ಮೇಲೆ. ಸಿಲ್ಕ್ ಬೋರ್ಡಿನಲ್ಲಿ ಚುಕ್ಕೆ ನಿಂತರೆ ಮಾತ್ರ ಅತ್ತೆ ಫೋನು ಮಾಡುತ್ತಿರಲಿಲ್ಲ. ಅಲ್ಲಿನ ಟ್ರಾಫಿಕ್ಕಿನಲ್ಲಿ ನಿಲ್ಲದೆ ಬಂದವರು ಯಾರಿದ್ದಾರೆ? ನಾನು ಕೈಕಾಲು ತೊಳೆದು ಕೂರುವುದಕ್ಕೂ ಹಬೆಯಾಡುವ ಅನ್ನ ತಟ್ಟೆಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು.

ಈಗಿನ ಪ್ರವಾಸದ ಬಗ್ಗೆ ಅತ್ತೆಗೆ ತಮ್ಮದೇ ಅಭಿಪ್ರಾಯವಿದೆ. ಈಗ ನಾವು ಹೋಗುವ ಮೊದಲೇ ಫೋನಿನಲ್ಲಿ ಊರನ್ನು ನೋಡಿ ಮುಗಿಸಿರುತ್ತೇವೆ. ಅಲ್ಲಿಗೆ ಹೋಗುವುದು ಎಲ್ಲರೂ ನಿಂತ ಜಾಗದಲ್ಲಿ ಸಾಲಿನಲ್ಲಿ ನಿಂತು, ಎಲ್ಲರೂ ತೆಗೆದ ಫೋಟೋವನ್ನು ನಾವೂ ತೆಗೆಯಲು. ನಾನೂ ತೆಗೆಯುತ್ತೇನೆ, ಸುಳ್ಳೇಕೆ ಹೇಳಲಿ? ಒಮ್ಮೆ ಅತ್ತೆಗೆ ಒಂದಿಷ್ಟು ಫೋಟೋ ತೋರಿಸಿದೆ. ಅವರು ನೋಡಿದ ಶಾಸ್ತ್ರ ಮಾಡಿ ಫೋನು ಹಿಂದಿರುಗಿಸಿದರು.

"ಫೋಟೋ ನೋಡಿದ್ರೆ ಹೋಗಿದ್ದೆ ಅಂತ ಗೊತ್ತಾಗುತ್ತೆ ಕಣೋ. ಹೋಗ್ತಾ ಇರೋವಾಗ ಏನಾಯ್ತು ಅಂತ ಮನೇಲಿರೋರಿಗೆ ಹೇಗೆ ಗೊತ್ತಾಗ್ಬೇಕು?"

ಈ ಮಾತಿನ ಹಿಂದೆ ಮಾವನವರ ಪೋಸ್ಟ್‌ಕಾರ್ಡುಗಳಿವೆ. ಮಾವನೂ ಕಾರ್ಖಾನೆಯ ಪರವಾಗಿ ಆಗಾಗ ಊರೂರಿಗೆ ಹೋಗಿ ಯಂತ್ರ ಕೂರಿಸಿ ಬರುತ್ತಿದ್ದವರು. ಉತ್ತರದ ಯಾವುದೋ ಊರು ಮುಟ್ಟಿದೊಡನೆ 'ಕ್ಷೇಮವಾಗಿ ತಲುಪಿದ್ದೇನೆ' ಎಂದು ಒಂದು ಕಾರ್ಡು ಬರೆಯುತ್ತಿದ್ದರು. ಅದು ನಿಧಾನವಾಗಿ ಬರುತ್ತಿತ್ತು. ಎಷ್ಟು ನಿಧಾನವೆಂದರೆ, ಒಮ್ಮೆ ಕೆಲಸ ಮುಗಿಸಿ ಮನೆಗೆ ಬಂದ ಮಾವನೇ ಗೇಟಿನ ಬಳಿ ನಿಂತು, ತಾವು ಕ್ಷೇಮವಾಗಿ ತಲುಪಿದ ಸುದ್ದಿಯನ್ನು ಅಂಚೆಯವನ ಕೈಯಿಂದ ಇಸಿದುಕೊಂಡರು! ಮನೆಮಂದಿಯೆಲ್ಲ ಈ ಕಥೆಯನ್ನು ಹೇಳಿ ಹೇಳಿ ನಗುತ್ತೇವೆ. ಅತ್ತೆ ಮಾತ್ರ ನಗುವುದಿಲ್ಲ. ಇನ್ನೊಂದು ಸಲ ಎಲ್ಲೋ ಪ್ರವಾಹ ಬಂದು ರೈಲು ನಿಂತು, ಮಾವ ನಾಲ್ಕು ದಿನ ತಡವಾಗಿ ಬಂದರಂತೆ. ಆ ನಾಲ್ಕೂ ದಿನ ಅತ್ತೆ ಇಬ್ಬರಿಗೆ ಆಗುವಷ್ಟು ಅನ್ನ ಮಾಡಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದರು. ಮಾವ ಬಂದ ಹೊತ್ತಿಗೆ ಮಾತ್ರ ಅನ್ನ ಆರಿಹೋಗಿತ್ತು.

ಇಷ್ಟು ಗೊತ್ತಿದ್ದೂ ನಾನೊಂದು ತಪ್ಪು ಮಾಡಿದೆ. ಕಳೆದ ವರ್ಷ ಹುಬ್ಬಳ್ಳಿಯಿಂದ ಸಹೋದ್ಯೋಗಿಗಳ ಜೊತೆ ಕಾರಿನಲ್ಲಿ ಬರುತ್ತಿದ್ದೆ. ಅತ್ತೆಯ ಫೋನು ಎರಡು ಸಲ ಬಂತು. "ಏನ್ ಗುರು, ಇದು ಅತ್ತೆನೋ ಕಂಟ್ರೋಲ್ ರೂಮೋ?" ಎಂದು ಒಬ್ಬ ರೇಗಿಸಿದ, ಕಾರು ತುಂಬ ನಗು. ನನಗೆ ಅವಮಾನವಾಯಿತು, ಲೊಕೇಶನ್ ಆರಿಸಿ ಫೋನನ್ನು ಸೈಲೆಂಟಿಗೆ ಹಾಕಿಬಿಟ್ಟೆ. ದಾರಿಯಲ್ಲಿ ಚಿತ್ರದುರ್ಗದ ಕೋಟೆ ನೋಡಿಕೊಂಡು, ಅಲ್ಲೇ ಉಳಿದು, ಮಾರನೆಯ ಬೆಳಿಗ್ಗೆ ಮನೆಗೆ ಬಂದೆ. ಅತ್ತೆ ಒಂದು ಮಾತೂ ಬೈಯಲಿಲ್ಲ. ಮಾವ ಪೇಪರಿನಿಂದ ತಲೆಯೆತ್ತಿ, "ನಿನ್ನೆಯಿಂದ ಮೂರು ಸಲ ಅಕ್ಕಿ ತೊಳೆದಿದಾಳೆ," ಎಂದರು. ಅವತ್ತಿನ ನಾಚಿಕೆ ನನಗಿನ್ನೂ ಹೋಗಿಲ್ಲ.

ಇಂಥ ಅತ್ತೆ ಈ ಜನವರಿಯಲ್ಲಿ ಪ್ರವಾಸ ಹೊರಟರು! ಬಡಾವಣೆಯ ಭಜನಾ ಮಂಡಳಿಯವರ ಬಸ್ಸು, ಮೂರು ದಿನ, ಗೋಕರ್ಣ. ಮಾವನ ಶಿಫ್ಟು, ಮಗಳ ಓದು, ನನ್ನ ಊಟ ಎಂದು ಇಷ್ಟು ವರ್ಷ ಎಲ್ಲಿಗೂ ಹೋಗದವರು, ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊರಳಿಗೆ ತೂಗುಹಾಕಿಕೊಂಡು ಬಸ್ಸು ಹತ್ತಿದರು. ಶುಕ್ರವಾರ ಬೆಳಿಗ್ಗೆ ಸರಿಯಾಗಿ ಆರು ಗಂಟೆಗೆ ಮನೆಮಂದಿಯ ಗ್ರೂಪಿನಲ್ಲಿ ಅವರ ಚುಕ್ಕೆ ಮೂಡಿತು. ಹದಿನಾಲ್ಕು ಜನವೂ ಹೆಬ್ಬೆರಳು ಎತ್ತಿ ತೋರಿಸಿ, ನಮ್ಮ ನಮ್ಮ ಕೆಲಸಕ್ಕೆ ಹೋದೆವು.

ಶನಿವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತು ಸುಮ್ಮನೆ ಗ್ರೂಪು ತೆರೆದೆ. ಆರರಿಂದ ಎರಡು, ಮುಗಿದಿದೆ. ಎರಡರಿಂದ ಹತ್ತು, ಮುಗಿದಿದೆ. ಹತ್ತರಿಂದ ಆರು, ಮುಗಿದಿದೆ. ಮತ್ತೆ ಬೆಳಿಗ್ಗೆ ಆರಕ್ಕೆ ಹೊಸದು. ಒಂದು ಶಿಫ್ಟೂ ತಪ್ಪಿಸದೆ ಅತ್ತೆ ಪಂಚ್ ಮಾಡಿದ್ದರು. ನಮ್ಮ ಹೆಬ್ಬೆರಳುಗಳು ಮೊದಲನೆಯದರ ಕೆಳಗೆ ಮಾತ್ರ ಇದ್ದವು. ಚುಕ್ಕೆಯನ್ನು ಒತ್ತಿದೆ. ಅದು ದಡದಿಂದಾಚೆ, ನೀಲಿಯೊಳಗೆ ನಿಂತಿತ್ತು. ಕಾದೆ, ಕದಲಲಿಲ್ಲ. ಫೋನು ಮಾಡಿದೆ.

"ಅತ್ತೆ! ಎಲ್ಲಿದೀರಿ? ಚುಕ್ಕೆ ಸಮುದ್ರದೊಳಗೆ ತೋರಿಸ್ತಿದೆ!"

"ಸಮುದ್ರದಲ್ಲೇ ಇದೀನಿ ಕಣೋ. ಮೊಣಕಾಲುದ್ದ ನೀರು, ಅಷ್ಟೇ."

"ಮತ್ತೆ ಅಲ್ಲೇ ಯಾಕೆ ನಿಂತ್ಬಿಟ್ರಿ?"

ಆ ಕಡೆ ಒಂದು ಅಲೆ ಬಂದು ಬಡಿಯಿತು.

"ಏನಂದೆ? ಇನ್ನೊಂದ್ಸಲ ಕೇಳೋ."

"ಯಾಕೆ ನಿಂತ್ಬಿಟ್ರಿ ಅಂದೆ ಅತ್ತೆ."

"ನಿನ್ನೆಯಿಂದ ಬಸ್ಸು ಆರು ಕಡೆ ನಿಂತಿತ್ತು," ಎಂದರು. "ಯಾರೂ ಕೇಳ್ಲಿಲ್ಲ. ಅದಕ್ಕೆ ಈಗ ನಾನೇ ಬೇಕೂಂತ ನಿಂತ್ಕೊಂಡೆ. ಉಳಿದೋರೆಲ್ಲ ಊಟಕ್ಕೆ ಹೋದ್ರು. ಈಗಲಾದ್ರೂ ಯಾರಾದ್ರೂ ಕೇಳ್ತಾರೇನೋ ನೋಡೋಣ ಅಂತ."

ನನಗೆ ಅಳು ಬಂತು. ಬಂತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಇಷ್ಟು ವರ್ಷ ಎಲ್ಲರನ್ನೂ ಕಾದವರನ್ನು ಒಂದು ದಿನ ಕಾಯಲು ನಮ್ಮ ಹದಿನಾಲ್ಕು ಜನರಲ್ಲಿ ಒಬ್ಬರಿರಲಿಲ್ಲ. "ಮೇಲೆ ಬನ್ನಿ ಅತ್ತೆ, ಬಿಸಿಲಿದೆ. ನಾನು ನೋಡ್ತಿರ್ತೀನಿ," ಎಂದೆ. ಚುಕ್ಕೆ ದಡದ ಕಡೆಗೆ ಸರಿಯಿತು. ಎರಡು ಗಂಟೆಗೆ ಆರಿ, ಎರಡು ಗಂಟೆಗೇ ಮತ್ತೆ ಹೊತ್ತಿಕೊಂಡಿತು.

ಭಾನುವಾರ ಸಂಜೆ ಚುಕ್ಕೆ ಪೀಣ್ಯ ಮುಟ್ಟಿದಾಗ ನಾನು ಅತ್ತೆಯ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಸಿಲ್ಕ್ ಬೋರ್ಡಿನಲ್ಲಿ ಅದು ಎಂದಿನಂತೆ ನಿಂತಿತು. ಬಟನ್ನಿನ ಫೋನು ಬಿಟ್ಟು ಬೇರೆಯದನ್ನು ಮುಟ್ಟದ ಮಾವ, ಕನ್ನಡಕ ಏರಿಸಿಕೊಂಡು ನನ್ನ ಫೋನಿಗೇ ಮೂಗು ತಾಗಿಸಿ ಕೂತಿದ್ದರು. "ದಾಟ್ತು! ದಾಟ್ತು! ಇಡೋ ಕುಕ್ಕರ್!" ಎಂದು ಕೂಗಿದರು.

ಅತ್ತೆ ಬಂದು, ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತರು. ಹಬೆಯಾಡುವ ಅನ್ನವನ್ನು ಸ್ವಲ್ಪ ಹೊತ್ತು ನೋಡಿದರು.

"ನೀರು ಜಾಸ್ತಿ ಆಗಿದೆ ಕಣೋ," ಎಂದು ಹೇಳಿ, ಎರಡನೆಯ ಸಲವೂ ಬಡಿಸಿಕೊಂಡರು.