ಕಣಕಿಯ ಗೋಡೆದೀಪ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಇತಿಹಾಸ ಓದಿದವಳಾದರೂ ನನ್ನ ನೆನಪಿಗೆ ಬಣ್ಣ ಬಳಿಯುವ ಚಾಳಿಯಿದೆ. ಆದರೆ ಒಂದು ಮಾತನ್ನು ಆಣೆಯಿಟ್ಟು ಹೇಳಬಲ್ಲೆ: ನನ್ನ ಸೋದರಮಾವನಷ್ಟು ದೀಪ ಮಾಡಿ, ಅಷ್ಟು ಕತ್ತಲೆಯಲ್ಲಿ ಬದುಕಿದವರು ಬಸವಕಲ್ಯಾಣದಲ್ಲಿ ಇನ್ನೊಬ್ಬರಿರಲಿಲ್ಲ!

ಬೇವಿನ ಹಲಗೆ, ಒಣ ಸೋರೆಬುರುಡೆ, ಹುಣಸೆಬೀಜ, ಏನು ಸಿಕ್ಕರೂ ಅವರ ಕೈಯಲ್ಲಿ ಗೋಡೆದೀಪವಾಗುತ್ತಿತ್ತು. ಬುರುಡೆಯ ಮೇಲೆ ಕೊರೆದ ನವಿಲು ಎಷ್ಟು ಸೊಗಸೆಂದರೆ, ಅದನ್ನು ನೋಡಲು ಅತ್ತೆ ಕಂದೀಲು ಹಿಡಿದು ಬರಬೇಕಿತ್ತು.

"ಬೆಳಕು ಎಲ್ಲಿ ಅದ ರೀ?"

"ಒಳಗ ಅದ. ಅವಸರ ಮಾಡಬ್ಯಾಡ, ಹೊರಗ ಬರ್ತದ."

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ಊರೆಲ್ಲ ತಣ್ಣಗಾದ ಮರುವರ್ಷ ಮಾವನ ಮನೆಯಲ್ಲಿ ಗಲಾಟೆ ಎದ್ದಿತು. "ಕನ್ನಡಿ ಹಾಕಾಕ ಒಂದು ಗೇಣು ಗೋಡಿ ಉಳಿಸಿಲ್ಲ! ದೀಪದ ಜೋಡೀನೇ ಸಂಸಾರ ಮಾಡ್ರಿ!" ಎಂದು ಅತ್ತೆ ಹುಮನಾಬಾದಿನ ತವರಿಗೆ ನಡೆದೇಬಿಟ್ಟರು. ಕರೆಯಲು ಹೋದವರೆಲ್ಲ ಚಹಾ ಕುಡಿದು ಹಾಗೇ ಮರಳಿದರು.

ಬೇರೆಯವರಾದರೆ ತಪ್ಪಾಯಿತು ಅನ್ನುತ್ತಿದ್ದರು. ಮಾವ? ಇನ್ನೊಂದು ದೀಪ ಮಾಡಿದರು! ಬೇವಿನ ಚೌಕಟ್ಟು, ಅದರ ಸುತ್ತ ಕಣಕಿ, ಅಂದರೆ ಒಣಗಿದ ಜೋಳದ ದಂಟು, ಸೀಳಿ ಹೆಣೆದ ಮರೆ. ನನ್ನನ್ನೂ ಹುಮನಾಬಾದಿನ ಬಸ್ಸು ಹತ್ತಿಸಿದರು.

ಅತ್ತೆ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಮಾವ ಅಂಗಳದ ಸುತ್ತಲೂ ನೋಡಿ, ಖಾಲಿಯಿದ್ದ ಒಂದೇ ಗೋಡೆಗೆ ಮೊಳೆ ಹೊಡೆದು ದೀಪ ತೂಗುಹಾಕಿದರು. ಅದರ ಕೆಳಗೇ ಎಮ್ಮೆಯ ಗ್ವಾದಲಿ, ಮೇವು ಹಾಕುವ ತೊಟ್ಟಿ! (ಎಮ್ಮೆಯೋ, ಆಕಳೋ? ನಗುವುದಕ್ಕೆ ಎಮ್ಮೆಯೇ ವಾಸಿಯೆಂದು ನಾನೇ ಬದಲಿಸಿಕೊಂಡಿರಲೂಬಹುದು.) ಮೇವನ್ನು ಹೆಣೆದು ಮೇವಿನ ಮೇಲೆಯೇ ನೇತುಹಾಕಿದರೆ ಅದಾದರೂ ಏನು ಮಾಡೀತು?

"ಒಮ್ಮಿ ಬಂದು ನೋಡು!" ಎಂದು ಮಾವ ಒಳಗೆ ಹೋಗಿ ಕೂಗಿದರು. ಕೊನೆಗೂ ಅತ್ತೆ ಹೊರಬರುವಷ್ಟರಲ್ಲಿ ಎಮ್ಮೆ ಅರ್ಧ ದೀಪ ಮುಗಿಸಿ, ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

"ಹೋಗಲಿ ಬಿಡ್ರಿ, ಯಾರಿಗರೇ ನಿಮ್ಮ ದೀಪ ಪಸಂದ ಬಿತ್ತಲ್ಲ!"

ಅತ್ತೆ ನಗುತ್ತ ನೆಲದ ಮೇಲೆ ಕುಸಿದರು. ನಾನೂ ನಕ್ಕೆ. ಮಾವ ಮಾತ್ರ ಎಮ್ಮೆಯ ಕಡೆ ನೋಡುತ್ತ ಮೆಲ್ಲಗೆ ಹೇಳಿದರು:

"ಮನ್ಯಾಗಿನ್ವು ಎಲ್ಲಾ ಕಿತ್ತು ಅಟ್ಟಕ್ಕ ಹಾಕೀನಿ. ಗೋಡಿ ಖಾಲಿ ಅವ. ಇದೊಂದು ಕಡೀದು. ಬಾ."

ಅತ್ತೆಯ ನಗು ನಿಂತಿತು.

ಮರುದಿನ ಮೂವರೂ ಬಸ್ಸಿನಲ್ಲಿ ಮರಳಿದೆವು. ಎಮ್ಮೆ ಜಗಿದು ಬಿಟ್ಟ ಚೌಕಟ್ಟು ಅತ್ತೆಯ ತೊಡೆಯ ಮೇಲೆ, ಸೆರಗಿನ ಕೆಳಗಿತ್ತು. ಎಸೆಯಲೆಂದು ಮಾವ ಕೈಚಾಚಿದರೆ, ಆ ಕೈಗೆ ಒಂದೇಟು ಬಿತ್ತು.

"ಅತ್ತಿ, ದೀಪ ಬ್ಯಾಡ ಅಂತನ ಮನಿ ಬಿಟ್ಟು ಬಂದಿದ್ರಲ್ಲ, ಈ ಮುರುಕು ಯಾಕ ಒಯ್ಯಾಕತ್ತೀರಿ?" ಎಂದು ಕೇಳಿದೆ.

ಅತ್ತೆ ಸೆರಗನ್ನು ಚೌಕಟ್ಟಿನ ಮೇಲೆ ಇನ್ನಷ್ಟು ಎಳೆದುಕೊಂಡು ಕಿಟಕಿಯಾಚೆಯ ತೊಗರಿ ಹೊಲದ ಕಡೆ ತಿರುಗಿದರು. ಆಮೇಲೂ ಎಷ್ಟೋ ಸಲ ಕೇಳಿದ್ದೇನೆ: ಯಾಕ್ರಿ ಅತ್ತಿ?